ಗಲಪಗೋಸ್‌ಗೆ ಹೋದರೆ ಪಶ್ಚಿಮದ ಕಡೆ ಹೋಗಿ

ಗಲಪಗೋಸ್‌ಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳೋದು ಒಂದೇ, ದೈತ್ಯ ಆಮೆ ನೋಡಿದ್ಯಾ ಅಂತ. ನೋಡಿದೆ, ಚೆನ್ನಾಗಿತ್ತು. ಆದರೆ ನನ್ನ ಮನಸ್ಸು ಇನ್ನೂ ಅಲ್ಲಿನ ಪಶ್ಚಿಮ ತುದಿಯ ಫರ್ನಾಂಡಿನಾ ದ್ವೀಪದಲ್ಲೇ ಇದೆ.

ಗಲಪಗೋಸ್ ದ್ವೀಪಗಳು ದಕ್ಷಿಣ ಅಮೆರಿಕದ ಈಕ್ವೆಡಾರ್ ದೇಶದ ಕರಾವಳಿಯಿಂದ ಸುಮಾರು 1000 ಕಿ.ಮೀ. ದೂರದಲ್ಲಿ, ಭೂಮಧ್ಯರೇಖೆಯ ಆಚೆ ಈಚೆ ಹರಡಿಕೊಂಡಿವೆ. ಎಲ್ಲವೂ ಜ್ವಾಲಾಮುಖಿಯಿಂದ ಹುಟ್ಟಿದವು. ಲಾವಾ ಉಕ್ಕಿಸುವ ಬಿಸಿ ಜಾಗ ಪಶ್ಚಿಮದ ತುದಿಯಲ್ಲಿದೆ, ಅದರ ಮೇಲಿನ ಸಮುದ್ರತಳ ನಿಧಾನಕ್ಕೆ ಪೂರ್ವಕ್ಕೆ ಸರಿಯುತ್ತಿದೆ, ಹಾಗಾಗಿ ಪಶ್ಚಿಮಕ್ಕೆ ಹೋದಷ್ಟೂ ದ್ವೀಪದ ವಯಸ್ಸು ಕಡಿಮೆ. ಫರ್ನಾಂಡಿನಾ ಎಲ್ಲಕ್ಕಿಂತ ಚಿಕ್ಕ ವಯಸ್ಸಿನದು. 2024ರ ಮಾರ್ಚ್‌ನಲ್ಲೂ ಅಲ್ಲಿ ಲಾವಾ ಉಕ್ಕಿತ್ತು.

ಹಡಗಿನಿಂದ ಪಾಂಗಾ ಅನ್ನೋ ರಬ್ಬರ್ ದೋಣಿಯಲ್ಲಿ ಫರ್ನಾಂಡಿನಾದ ಪುಂಟಾ ಎಸ್ಪಿನೋಸಾ ಅನ್ನೋ ಜಾಗಕ್ಕೆ ಇಳಿಸುತ್ತಾರೆ. ಕಾಲಿಟ್ಟ ಕಡೆಯೆಲ್ಲಾ ಕಪ್ಪು ಲಾವಾ, ಕೆಲವು ಕಡೆ ಹಗ್ಗ ಸುತ್ತಿಟ್ಟ ಹಾಗೆ ಸುರುಳಿ ಸುರುಳಿಯಾಗಿ ಗಟ್ಟಿಯಾಗಿದೆ. ಅದರ ಮೇಲೆ ಅದೇ ಬಣ್ಣದ ಸಮುದ್ರ ಇಗ್ವಾನಾ ಅನ್ನೋ ದೊಡ್ಡ ಹಲ್ಲಿಗಳು, ಒಂದರ ಮೇಲೊಂದು ಬಿದ್ದುಕೊಂಡು ಬಿಸಿಲು ಕಾಯಿಸುತ್ತಿರುತ್ತವೆ. ಕಲ್ಲು ಯಾವುದು, ಪ್ರಾಣಿ ಯಾವುದು ಗೊತ್ತೇ ಆಗಲ್ಲ. ಆಮೇಲೆ ಕಲ್ಲು ಸೀನುತ್ತೆ! ಸಮುದ್ರಕ್ಕಿಳಿದು ಪಾಚಿ ತಿಂದು ಬರುವಾಗ ಮೈಗೆ ಸೇರಿದ ಜಾಸ್ತಿ ಉಪ್ಪನ್ನು ಮೂಗಿನಿಂದ ಪಿಚಕ್ ಅಂತ ಹೊರಗೆ ಎಸೆಯುತ್ತವೆ. ಎಷ್ಟೋ ಇಗ್ವಾನಾಗಳ ನೆತ್ತಿ ಮೇಲೆ ಆ ಉಪ್ಪೇ ಒಣಗಿ ಬೆಳ್ಳಗೆ ಕೂತಿತ್ತು. ನೋಡೋಕೆ ಗಂಭೀರ, ಮಾಡೋದು ಸೀನೋದು.

ಅಲ್ಲೇ ಪಕ್ಕದಲ್ಲಿ ಹಾರಲಾರದ ನೀರುಕಾಗೆ. ಫರ್ನಾಂಡಿನಾ ಮತ್ತು ಪಕ್ಕದ ಇಸಬೆಲಾ ದ್ವೀಪ ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ನಮ್ಮ ಕೆರೆಗಳಲ್ಲಿ ಮುಳುಗಿ ಏಳುವ ನೀರುಕಾಗೆಯದೇ ಕುಟುಂಬ, ಆದರೆ ಮೈ ತುಂಬಾ ದೊಡ್ಡದು, ರೆಕ್ಕೆ ಹರಿದುಹೋದ ಚಿಂದಿಯಂಥ ಮೋಟು. ಆದರೂ ಮುಳುಗಿ ಬಂದ ಮೇಲೆ ಆ ಮೋಟು ರೆಕ್ಕೆಯನ್ನೇ ಬಿಡಿಸಿ ಒಣಗಿಸುತ್ತೆ, ಕಣ್ಣು ಮಾತ್ರ ಥಳಥಳ ನೀಲಿ. ನಾನು ನೋಡುತ್ತಿದ್ದಾಗ ಒಂದು ಹಕ್ಕಿ ಪಾಚಿ ಕಚ್ಚಿಕೊಂಡು ಬಂದು ಗೂಡಲ್ಲಿ ಕೂತ ಜೋಡಿಗೆ ಕೊಟ್ಟಿತು, ಅದು ತಗೊಂಡು ಪಕ್ಕಕ್ಕೆ ಸಿಕ್ಕಿಸಿಕೊಂಡಿತು. ಮನೆಗೆ ಬರಿಗೈಲಿ ಬರಬಾರದು ಅಲ್ವಾ.

ಪ್ರಾಣಿಗಳಿಂದ 2 ಮೀಟರ್ ದೂರ ಇರಬೇಕು ಅಂತ ನಿಯಮ. ಇದು ಸಮುದ್ರ ಸಿಂಹಗಳಿಗೆ ಗೊತ್ತಿಲ್ಲ, ದಾರಿಗೆ ಅಡ್ಡ ಮಲಗಿಬಿಡುತ್ತವೆ, ನಾವೇ ಸುತ್ತಿಕೊಂಡು ಹೋಗಬೇಕು.

ಇಲ್ಲಿ ಪೆಂಗ್ವಿನ್ ಕೂಡ ಇವೆ. ಭೂಮಧ್ಯರೇಖೆಯಲ್ಲಿ ಪೆಂಗ್ವಿನ್ ಹೇಗೆ ಅಂತ ನನಗೂ ಆಶ್ಚರ್ಯ ಇತ್ತು. ಪಶ್ಚಿಮದಿಂದ ಸಮುದ್ರದ ಆಳದಲ್ಲಿ ಬರುವ ಕ್ರಾಮ್‌ವೆಲ್ ಪ್ರವಾಹ ಈ ದ್ವೀಪಗಳಿಗೆ ಗುದ್ದಿ ಮೇಲೇಳುತ್ತೆ, ತಣ್ಣನೆಯ ನೀರಿನ ಜೊತೆ ಪೋಷಕಾಂಶಗಳೂ ಮೇಲೆ ಬರುತ್ತವೆ, ಅದರಿಂದ ಮೀನು, ಮೀನಿನಿಂದ ಪೆಂಗ್ವಿನ್. ಉಸಿರಾಡೋ ಕೊಳವೆ ಕಚ್ಚಿಕೊಂಡು ಈಜುವ ಸ್ನಾರ್ಕೆಲಿಂಗ್‌ಗೆ ಇಳಿದಾಗ ಆ ತಣ್ಣೀರು ಏನು ಅಂತ ಮೈಗೇ ತಿಳಿಯಿತು. ಮೈ ಬೆಚ್ಚಗಿಡುವ ವೆಟ್‌ಸೂಟ್ ಇಲ್ಲದೆ ಸುಮ್ನೆ ಧೈರ್ಯ ಮಾಡಬೇಡಿ.

ಕಷ್ಟಗಳೂ ಇವೆ. ಹಡಗು ಸಾಮಾನ್ಯವಾಗಿ ರಾತ್ರಿಯೇ ದ್ವೀಪದಿಂದ ದ್ವೀಪಕ್ಕೆ ಹೋಗುತ್ತೆ, ನನ್ನ ಕ್ಯಾಬಿನ್ ಎಂಜಿನ್ ಪಕ್ಕದಲ್ಲೇ ಇತ್ತು, ನಿದ್ದೆ ಅಷ್ಟಕ್ಕಷ್ಟೇ. ವಾಂತಿ ಮಾತ್ರೆ ಇಟ್ಟುಕೊಳ್ಳಿ. ಖರ್ಚೂ ಜಾಸ್ತಿ, 2024ರ ಆಗಸ್ಟ್‌ನಿಂದ ನಮ್ಮಂಥ ವಿದೇಶಿಯರಿಗೆ ಪಾರ್ಕ್ ಶುಲ್ಕವೇ 200 ಡಾಲರ್. ಡಿಸೆಂಬರ್‌ನಿಂದ ಮೇವರೆಗೆ ಸಮುದ್ರ ಸ್ವಲ್ಪ ಶಾಂತ, ನೀರೂ ಬೆಚ್ಚಗೆ.

ಯಾವ ಹಡಗು ಯಾವ ದಿನ ಎಲ್ಲಿ ನಿಲ್ಲಬೇಕು ಅಂತ ರಾಷ್ಟ್ರೀಯ ಉದ್ಯಾನದವರೇ ನಿಗದಿ ಮಾಡುತ್ತಾರೆ. ಹೊರಟ ಮೇಲೆ ನೀವು ಕೇಳಿದಿರಿ ಅಂತ ಕ್ಯಾಪ್ಟನ್ ದಾರಿ ಬದಲಿಸೋಕೆ ಆಗಲ್ಲ. ಅದಕ್ಕೇ ದುಡ್ಡು ಕಟ್ಟುವ ಮುಂಚೆ ಪಟ್ಟಿಯಲ್ಲಿ ಫರ್ನಾಂಡಿನಾ ಇದೆಯಾ ನೋಡಿ. ಇಲ್ಲದಿದ್ದರೆ ಬೇರೆ ಹಡಗು ಹುಡುಕಿ.