ಯೆಜ್ಡಿಯ ಮುಂದಿನ ರಿಮ್

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೆ ಹಳೆಯ ಯೆಜ್ಡಿ ಬೈಕು ಇಟ್ಟುಕೊಂಡವರಿಗೆ ಬಿಡಿಭಾಗಗಳ ಚಿಂತೆ ತಪ್ಪಿದ್ದಲ್ಲ. ಪೇಟೆಯಲ್ಲಿ ಸಿಗುವ ಬದಲಿ ರಿಮ್‌ಗಳು, ಅಂದರೆ ಟೈರು ಕೂರುವ ಲೋಹದ ಬಳೆಗಳು, ಕಣ್ಣಿಗೆ ಚೆನ್ನಾಗಿಯೇ ಹೊಳೆಯುತ್ತವೆ. ಆದರೆ ನಾನು ಕೈಯಲ್ಲಿ ಹಿಡಿದು ನೋಡಿದವು ಹಳೆಯದಕ್ಕಿಂತ ಹಗುರವಾಗಿದ್ದವು, ಅವುಗಳ ತಗಡೂ ತೆಳುವಾಗಿತ್ತು. ಆಷಾಢದ ಮಳೆಯಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬರುವಾಗ, ಮಂಡಗದ್ದೆ ದಾಟಿದ ಮೇಲೆ, ನೀರು ತುಂಬಿ ರಸ್ತೆಯ ಮಟ್ಟಕ್ಕೇ ಕಾಣುತ್ತಿದ್ದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು ರಿಮ್‌ನ ಅಂಚು ಒಳಕ್ಕೆ ಮಡಚಿಕೊಂಡಿತು. ಅದನ್ನು ಗುಜರಿಗೆ ಹಾಕುವ ಮೊದಲು ಸರಿಮಾಡಿಸಲು ಸಾಧ್ಯವೇ ಎಂದು ವಿಚಾರಿಸಲು ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಚಕ್ರ ಕಟ್ಟುವ ಹಿರಿಯ ಮೇಸ್ತ್ರಿಯೊಬ್ಬರ ಬಳಿ ಹೋದೆ.

ಅವರು ಸುತ್ತಿಗೆಯನ್ನು ಮುಟ್ಟಲಿಲ್ಲ. ಟೈರು, ಟ್ಯೂಬು ಬಿಚ್ಚಿ, ಡೆಂಟ್ ಆದ ಜಾಗವನ್ನು ಉಜ್ಜಿ ಸೀಮೆಎಣ್ಣೆ ಹಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ಅದನ್ನು ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರು. ಬಿರುಕಿದ್ದರೆ ಅದರೊಳಗೆ ಇಳಿದ ಎಣ್ಣೆ ನಿಧಾನವಾಗಿ ಹೊರಗೆ ಜಿನುಗಿ ಬಿಳಿಯ ಮೇಲೆ ಒದ್ದೆ ಗೆರೆಯಾಗಿ ಕಾಣುತ್ತದೆ. "ಗೆರೆ ಬಂದ್ರೆ ಗುಜರಿಗೆ, ಬರದಿದ್ರೆ ನನಗೆ ಸಾರ್" ಎಂದರು. ಗೆರೆ ಬರಲಿಲ್ಲ. ಇದು ಉಕ್ಕಿನ ರಿಮ್ ಆದುದರಿಂದಲೇ ಈ ಮಾತು ಸಾಧ್ಯವಾಯಿತು ಎಂಬುದನ್ನು ಇಲ್ಲಿ ಹೇಳಬೇಕು. ಈಗಿನ ಬೈಕುಗಳ ಅಲಾಯ್ ಚಕ್ರ ಇಷ್ಟು ಮಡಚುವ ಮೊದಲೇ ಸೀಳಬಹುದು. ಅದನ್ನು ಬೆಂಕಿಯಲ್ಲಿ ಕಾಯಿಸಿ ತಟ್ಟಿದರೆ ಅಲ್ಯೂಮಿನಿಯಂಗೆ ಕಾರ್ಖಾನೆಯಲ್ಲಿ ಶಾಖದಿಂದ ಕೊಟ್ಟ ಗಟ್ಟಿತನ ಹೋಗುತ್ತದೆ. ಸೀಳಿದ ಅಲಾಯ್ ಚಕ್ರಕ್ಕೆ ವೆಲ್ಡಿಂಗ್ ಮಾಡಿಸಿಕೊಂಡು ಘಟ್ಟ ಇಳಿಯುವವರನ್ನು ಕಂಡಿದ್ದೇನೆ, ಅವರ ಧೈರ್ಯ ನನಗಿಲ್ಲ.

ಯೆಜ್ಡಿಯ ಚಕ್ರಕ್ಕೆ 36 ಕಡ್ಡಿಗಳು. ಡೆಂಟ್ ಇದ್ದ ಕಡೆಯ ಕಡ್ಡಿಗಳನ್ನು ಸಡಿಲಿಸುವುದೇ ಮೊದಲ ಕೆಲಸವಾಯಿತು, ಏಕೆಂದರೆ ಬಿಗಿಯಾದ ಕಡ್ಡಿಗಳು ರಿಮ್ಮನ್ನು ಚಕ್ರದ ನಡುವಿನ ಹಬ್‌ನ ಕಡೆಗೆ ಎಳೆದು ಹಿಡಿದಿರುವಾಗ ಹೊರಕ್ಕೆ ಒತ್ತುವ ಬಲವೆಲ್ಲ ಅವುಗಳ ಜೊತೆಗಿನ ಜಗ್ಗಾಟದಲ್ಲೇ ಮುಗಿದುಹೋಗುತ್ತದೆ. ಕಡ್ಡಿಗಳನ್ನು ರಿಮ್‌ಗೆ ಬಿಗಿಯುವ, ತುಕ್ಕು ಹಿಡಿದ ನಿಪ್ಪಲ್‌ಗಳಿಗೆ ಹಿಂದಿನ ಸಂಜೆಯೇ ಎಣ್ಣೆ ಬಿಟ್ಟಿದ್ದರೂ ಕೆಲವು ತಿರುಗಲಿಲ್ಲ. ಅವನ್ನು ಕತ್ತರಿಸಿ ಹೊಸ ಕಡ್ಡಿ ಹಾಕಿದರು. ಬಳಿಕ ರಿಮ್‌ನ ಒಳ ಆಕಾರಕ್ಕೆ ಹೊಂದುವಂತೆ ಕಡೆದ ಮರದ ತುಂಡನ್ನು ಕೆಳಗಿಟ್ಟು ಜಾಕ್‌ನಿಂದ ಸ್ವಲ್ಪಸ್ವಲ್ಪವೇ ಒತ್ತಿದರು. ಉಕ್ಕು ಒತ್ತಡ ಬಿಟ್ಟೊಡನೆ ಒಂದಿಷ್ಟು ಹಿಂದಕ್ಕೆ ಬರುವುದರಿಂದ, ಬೇಕಾದ ಜಾಗಕ್ಕಿಂತ ತುಸು ಆಚೆಗೇ ತಳ್ಳಬೇಕು. ಆ 'ತುಸು' ಎಷ್ಟೆಂಬುದನ್ನು ಅವರು ಯಾವ ಅಳತೆಯನ್ನೂ ನೋಡದೆ ತಿಳಿದಿದ್ದರು.

ಚಕ್ರ ತಿರುಗುವಾಗ ಓಲಾಡದಂತೆ ಬೆಂಡ್ ತೆಗೆಯುವ ಕೆಲಸ ಅದಕ್ಕಿಂತ ದೀರ್ಘವಾದುದು. ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ, ಅಂಚಿನ ಪಕ್ಕದಲ್ಲಿ ಮೊನಚು ಕಂಬಿಯೊಂದನ್ನು ನಿಲ್ಲಿಸಿ, ತಿರುಗಿಸುತ್ತಾ ಹೋದರೆ ಎಲ್ಲಿ ತಾಗುತ್ತದೆಯೋ ಅಲ್ಲಿ ಸುಣ್ಣದ ಗುರುತು. ರಿಮ್ ಎಡಕ್ಕೆ ಬಂದಿದ್ದರೆ ಬಲಬದಿಯ ಕಡ್ಡಿಗಳನ್ನು ಕಾಲು ಸುತ್ತು ಬಿಗಿದು ಎಡಬದಿಯವನ್ನು ಅಷ್ಟೇ ಸಡಿಲಿಸಬೇಕು. ಮೇಲಕ್ಕೆ ಉಬ್ಬಿದ್ದರೆ ಅಲ್ಲಿನ ಎರಡೂ ಬದಿಯವನ್ನು ಬಿಗಿಯಬೇಕು. ಆದರೆ ಒಂದು ಕಡೆ ಬಿಗಿದದ್ದು ಎದುರು ಕಡೆ ಕಾಣಿಸಿಕೊಳ್ಳುತ್ತದೆ. ಅವರು ಆಗಾಗ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಿ, ಸಡಿಲವಾದದ್ದರ ಮಂಕು ಸದ್ದನ್ನೂ ಬಿಗಿಯಾದದ್ದರ ಕಣಕಣ ಸದ್ದನ್ನೂ ಆಲಿಸಿ ಮುಂದುವರಿಯುತ್ತಿದ್ದರು. ಹಲವು ತಯಾರಕರು ಒಪ್ಪುವ ಓಲಾಟದ ಮಿತಿ ಸುಮಾರು 2 ಮಿಲಿಮೀಟರ್. ನಮ್ಮದು ಅದರ ಒಳಗೆ ಬಂದು ನಿಂತಾಗ, ಇನ್ನೂ ಸ್ವಲ್ಪ ಉಳಿದಿದೆಯಲ್ಲ ಎಂದೆ. "ಅದನ್ನೂ ತೆಗೀತೀನಿ ಅಂತ ಹೋದ್ರೆ ಕಡ್ಡಿ ತುಂಡಾಗುತ್ತೆ, ಬಿಡಿ" ಎಂದರು.

ಇನ್ನು ಮೇಲ್ಮೈ. ಒತ್ತುವಾಗಲೇ ಹಳೆಯ ಕ್ರೋಮ್ ಅಲ್ಲಲ್ಲಿ ಚಕ್ಕೆಯೆದ್ದಿತ್ತು, ಕಡ್ಡಿಯ ತೂತುಗಳ ಸುತ್ತ ತುಕ್ಕು ಗುಳಿಬಿದ್ದಿತ್ತು. ಮತ್ತೆ ಕ್ರೋಮ್ ಮಾಡಿಸಬೇಕೆಂಬುದು ಮನೆಯವರೆಲ್ಲರ ಆಸೆ. ನಾನು ಒಪ್ಪಲಿಲ್ಲ. ಕಣ್ಣಿಗೆ ಕಾಣುವ ಕ್ರೋಮ್ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು. ನೀರನ್ನು ತಡೆಯುವ ಕೆಲಸವನ್ನು ಬಹುಪಾಲು ಮಾಡುವುದು ಅದರ ಕೆಳಗಿನ ನಿಕಲ್. ಗುಳಿಬಿದ್ದ ರಿಮ್‌ಗೆ ಆ ಪದರಗಳು ಚೆನ್ನಾಗಿ ಕೂರಬೇಕಾದರೆ ಗುಳಿಗಳು ಮಾಯವಾಗುವ ತನಕ ಉಕ್ಕನ್ನೇ ಸವೆಸಬೇಕು. ಈಗಾಗಲೇ ಮಡಚಿ ನೆಟ್ಟಗಾದ ತಗಡನ್ನು ಹೊಳಪಿಗಾಗಿ ಇನ್ನಷ್ಟು ತೆಳು ಮಾಡುವುದು ನನಗೆ ಸರಿ ಕಾಣಲಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯ ದಾರಿಯಲ್ಲಿ ಓಡಾಡುವ ಗಾಡಿಗೆ, ಗೀರು ಬಿದ್ದರೆ ಮನೆಯಲ್ಲೇ ತೇಪೆ ಹಾಕಬಹುದಾದ ಬಣ್ಣವೇ ವಾಸಿ.

ಕಡ್ಡಿ ಬಿಚ್ಚಿ, ಬಣ್ಣ ಬಳಿದು ಮತ್ತೆ ಕಟ್ಟುವುದು ಉತ್ತಮ ಕ್ರಮ; ಆದರೆ ಅಷ್ಟು ಕಷ್ಟಪಟ್ಟು ನೆಟ್ಟಗಾದುದನ್ನು ಬಿಚ್ಚಲು ಮನಸ್ಸಾಗದೆ, ಕಡ್ಡಿಗಳಿಗೆ ಟೇಪು ಸುತ್ತಿ ಮನೆಯಲ್ಲೇ ಕೆಲಸ ಹಿಡಿದೆ. ಏಳುತ್ತಿದ್ದ ಕ್ರೋಮನ್ನೆಲ್ಲ ಒರಟು ಉಪ್ಪುಕಾಗದದಿಂದ ತೆಗೆದು, ಉಳಿದುದರ ಹೊಳಪನ್ನೂ ಕೊಂದೆ. ನುಣುಪಾದ ಕ್ರೋಮ್ ಮೇಲೆ ಬಣ್ಣ ಹಿಡಿಯುವುದಿಲ್ಲ. ಗುಳಿಗಳ ಆಳದ ತುಕ್ಕಿಗೆ ಫಾಸ್ಫಾರಿಕ್ ಆಮ್ಲವಿರುವ ರಸ್ಟ್ ರಿಮೂವರ್ ಬೇಕಾಯಿತು. ಅದನ್ನು ತೊಳೆದು ಒಣಗಿಸಿದ ಕೂಡಲೇ ಎಪಾಕ್ಸಿ ಪ್ರೈಮರ್ ಹೊಡೆಯಬೇಕು. ನಮ್ಮ ಮಳೆಗಾಲದ ಗಾಳಿಯಲ್ಲಿ ಬೆತ್ತಲೆ ಉಕ್ಕು ಬೆಳಗಿನಿಂದ ಸಂಜೆಯೊಳಗೇ ಕೆಂಪಾಗುತ್ತದೆ. ಬಣ್ಣಕ್ಕೂ ಇದೇ ಗಾಳಿಯ ಕಾಟ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಅಲ್ಲಿ ತೇವ ಕೂತು ಬಣ್ಣ ಬೆಳ್ಳಗೆ ಮಂಕಾಗುತ್ತದೆ. ಹಾಗಾಗಿ ಮಳೆ ಹೊಳವಾದ ಮಧ್ಯಾಹ್ನಕ್ಕೆ ಕಾದು, ರಿಮ್ಮನ್ನು ಬಿಸಿಲಲ್ಲಿ ಬೆಚ್ಚಗಾಗಿಸಿ, ನಿಧಾನವಾಗಿ ಆರುವ ಥಿನ್ನರ್ ಬೆರೆಸಿ ತೆಳ್ಳಗೆ ಸಿಲ್ವರ್ ಹೊಡೆದೆ, ಅದರ ಮೇಲೆ ಕ್ಲಿಯರ್ ಕೋಟ್.

ಟೈರು ಹಾಕುವ ಮೊದಲು ಮೇಸ್ತ್ರಿ ನಿಪ್ಪಲ್‌ನಿಂದ ಹೊರಗೆ ಚಾಚಿದ ಕಡ್ಡಿಗಳ ತುದಿಯನ್ನು ಅರದಿಂದ ಉಜ್ಜಿ ಮಟ್ಟ ಮಾಡಿ, ಟ್ಯೂಬಿಗೆ ಚುಚ್ಚದಂತೆ ಹೊಸ ರಿಮ್ ಟೇಪ್ ಸುತ್ತಿದರು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕಡ್ಡಿಗಳನ್ನು ಮತ್ತೊಮ್ಮೆ ಬಿಗಿಸಿಕೊಳ್ಳಲು ಹೇಳಿದರು. ಈಗ ಮುಂದಿನ ಚಕ್ರ ಬೂದುಬೆಳ್ಳಿ, ಹಿಂದಿನದು ಇನ್ನೂ ಕ್ರೋಮ್. ಬೇರೆ ಬೇರೆ ಗಾಡಿಯ ಚಕ್ರ ಹಾಕಿದ್ದೀಯಾ ಎಂದು ಭಾವ ಕೇಳಿಯಾಗಿದೆ. ದೀಪಾವಳಿ ಕಳೆದು ಗಾಳಿ ಒಣಗಿದ ಮೇಲೆ ಹಿಂದಿನದಕ್ಕೂ ಉಪ್ಪುಕಾಗದ ಹಿಡಿಯಬೇಕು. ಅದಕ್ಕೆ ಡೆಂಟ್ ಏನೂ ಇಲ್ಲ, ತೂತುಗಳ ಸುತ್ತ ತುಕ್ಕು ಮಾತ್ರ ಶುರುವಾಗಿದೆ.