ಗಾಂಧೀಜಿ ಹಾಡಿದರೆ ಅದು ಇತಿಹಾಸವಾಗುತ್ತದೆಯೇ?

ಮುಂಬೈಯ ಕನ್ನಡ ಬಳಗದಲ್ಲಿ, ಕಥೆಯನ್ನೆಲ್ಲ ಹಾಡಿನಲ್ಲೇ ಆಡಿ ತೋರಿಸುವ ಪಾಶ್ಚಾತ್ಯ ರಂಗಕಲೆಯಾದ ಒಪೇರಾದ ಮಾತೆತ್ತಿದರೆ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ದೇಶ ಕಟ್ಟಿದ ಕಥೆ ಗಂಭೀರವಾದದ್ದು. ಗಾಂಧೀಜಿಯನ್ನು ರಂಗಕ್ಕೆ ತಂದು ಹಾಡಿಸಿದರೆ ಅದು ಇತಿಹಾಸ ಹೇಗಾಗುತ್ತದೆ?’ ಅವರು ಹೇಳುವುದು 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲು ರಂಗವೇರಿದ ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಅವರ ‘ಸತ್ಯಾಗ್ರಹ’ದ ಬಗ್ಗೆ. ಗಾಂಧೀಜಿ ದಕ್ಷಿಣ ಆಫ್ರಿಕಾದಲ್ಲಿ ಕಳೆದ ದಿನಗಳೇ ಆ ಒಪೇರಾದ ಕಥೆ.

ಹಾಡಿಸಿದರೇ ಅದರ ಒಳಗು ತಿಳಿಯುವುದು ಎಂಬುದು ನನ್ನ ಉತ್ತರ. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನಲ್ಲಿ ಸುಮಾರು 3000 ಭಾರತೀಯರು ಸೇರಿ, ಕಡ್ಡಾಯ ನೋಂದಣಿಯ ಕಾನೂನಿಗೆ ತಲೆಬಾಗುವುದಿಲ್ಲವೆಂದು ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿದರು. ಸೇರಿದ್ದು ಎಂಪೈರ್ ಥಿಯೇಟರಿನಲ್ಲಿ, ಒಂದು ನಾಟಕಶಾಲೆಯಲ್ಲಿ! ಪಠ್ಯಪುಸ್ತಕದಲ್ಲಿ ಇದು ಒಂದೇ ಸಾಲು. ಒಪೇರಾದಲ್ಲಿ ಮೇಳದ, ಅಂದರೆ ಒಟ್ಟಾಗಿ ಹಾಡುವ ಗುಂಪಿನ, ದನಿಗಳು ಒಂದಕ್ಕೊಂದು ಆತುಕೊಂಡು ಏರುತ್ತವೆ. ಯಕ್ಷಗಾನದಲ್ಲಿ ಭಾಗವತರು ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತಿಕೊಂಡಾಗ ಪಾತ್ರದ ಸಂಕಟ ನಮಗೆ ತಟ್ಟುತ್ತದಲ್ಲ, ಹಾಗೆಯೇ ಇಲ್ಲಿ ಪಕ್ಕದವನ ದನಿ ಎಷ್ಟು ದೊಡ್ಡ ಆಸರೆ ಎಂಬುದು ಅರಿವಿಗೆ ಬರುತ್ತದೆ. ತುತ್ತೂರಿಯಿಲ್ಲ, ನಗಾರಿಯಿಲ್ಲ. ತಂತಿವಾದ್ಯ, ಕೊಳಲಿನ ಜಾತಿಯ ವಾದ್ಯಗಳು ಮತ್ತು ಆರ್ಗನ್ ಅಷ್ಟೇ. ಅಹಿಂಸೆಯ ಕಥೆಗೆ ರಣವಾದ್ಯ ಬೇಡವೆಂದೇ ನನಗನ್ನಿಸುತ್ತದೆ.

ಡರ್ಬನ್ನಿನ ದೃಶ್ಯವಂತೂ ನನ್ನನ್ನು ಬಿಡುವುದಿಲ್ಲ. ಗಾಂಧಿಯ ಮೇಲೆ ಎರಗಿಬಂದ ಬಿಳಿಯರ ಗುಂಪು ‘ಹಾ ಹಾ’ ಎಂದು ನಗುವುದೇ ಅಲ್ಲಿ ಸಂಗೀತ. ಆ ನಗುವಿನ ನಡುವೆ ಪೊಲೀಸ್ ಸೂಪರಿಂಟೆಂಡೆಂಟರ ಹೆಂಡತಿ ಛತ್ರಿ ಬಿಚ್ಚಿ ಗಾಂಧಿಗೆ ರಕ್ಷಣೆಯಾಗಿ ನಿಲ್ಲುತ್ತಾಳೆ.

ಸಾಹಿತ್ಯವೆಲ್ಲ ಸಂಸ್ಕೃತದಲ್ಲಿರುವ ಭಗವದ್ಗೀತೆಯ ಶ್ಲೋಕಗಳು. ಕಥೆಯನ್ನು ಅವು ನೇರವಾಗಿ ಹೇಳುವುದಿಲ್ಲ. ಮೊದಲೇ ಓದಿಕೊಂಡು ಹೋಗದವರಿಗೆ ಕಷ್ಟ, ನಿಜ.

ಇದೆಲ್ಲ ಪರದೇಶದವರ ಕಲೆ ಎನ್ನುವವರಿಗೆ ಒಂದು ಮಾತು. 1880ರಲ್ಲಿ ಪುಣೆಯಲ್ಲಿ ‘ಶಾಕುಂತಲ’ವನ್ನು ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. 1921ರಲ್ಲಿ ಇದೇ ಮುಂಬೈಯಲ್ಲಿ ಮರಾಠಿ ರಂಗದ ಹೆಸರಾಂತ ಗಾಯಕನಟರಾದ ಬಾಲಗಂಧರ್ವರೂ ಕೇಶವರಾವ್ ಭೋಸಲೆಯವರೂ ಸ್ವಾತಂತ್ರ್ಯ ಹೋರಾಟದ ತಿಲಕ್ ಸ್ವರಾಜ್ಯ ನಿಧಿಗಾಗಿ ಒಂದೇ ರಂಗದ ಮೇಲೆ ‘ಮಾನಾಪಮಾನ’ ನಾಟಕ ಆಡಿದರು. ಹಾಡಿಗೂ ಸ್ವರಾಜ್ಯಕ್ಕೂ ನಂಟು ಇಲ್ಲಿ ಹೊಸದಲ್ಲ.

ನನಗೆ ಬೇಕಾಗಿರುವುದು 1942ರ ಆಗಸ್ಟ್ 9ರಂದು, ಕ್ವಿಟ್ ಇಂಡಿಯಾ ಚಳವಳಿಯ ಮೊದಲ ದಿನ, ಮುಂಬೈಯ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ನಡೆದದ್ದರ ಕನ್ನಡ ಗೀತನಾಟಕ. ನಸುಕಿನಲ್ಲೇ ನಾಯಕರ ಬಂಧನವಾಗಿದೆ, ಅರುಣಾ ಅಸಫ್ ಅಲಿ ಧ್ವಜ ಏರಿಸುತ್ತಿದ್ದಾರೆ, ಉಳಿದವರೆಲ್ಲ ಹೆಸರಿಲ್ಲದ ಜನ. ಆ ದೃಶ್ಯ ಪೂರ್ತಿ ಮೇಳಕ್ಕೇ ಸೇರಬೇಕು. ಬರೆಯುವವರು, ರಾಗ ಹಾಕುವವರು ಮುಂದೆ ಬಂದರೆ, ಮಾಟುಂಗದಿಂದ ಡೊಂಬಿವಲಿಯವರೆಗೆ ಹಾಡುವವರನ್ನು ಹುಡುಕಿ ತರುವ ಹೊಣೆ ನನ್ನದು.