ಹೊಳೆ ಉಪ್ಪಾಗುವ ಜಾಗ

ನಮ್ಮ ಅಡಿಕೆ ತೋಟದ ಕೆಳಗಿನ ಹಳ್ಳ ಅಘನಾಶಿನಿ ಹೊಳೆಯನ್ನು ಸೇರುತ್ತದೆ ಎಂಬುದು ಸಿದ್ದಾಪುರ ತಾಲೂಕಿನ ನಮ್ಮ ಊರಿನ ಎಲ್ಲರಿಗೂ ಗೊತ್ತಿದ್ದ ಸಂಗತಿ. ಆದರೆ ಅಣ್ಣನಿಗೆ ಬರೀ ಗೊತ್ತಿದ್ದರೆ ಸಾಲುತ್ತಿರಲಿಲ್ಲ, ಸೇರುವುದನ್ನು ಕಣ್ಣಾರೆ ನೋಡಬೇಕಿತ್ತು.

1991ರ ದೀಪಾವಳಿ ರಜೆಯಲ್ಲಿ ಅವನು ನನ್ನನ್ನು ಉಂಚಳ್ಳಿ ಜಲಪಾತಕ್ಕೆ ಕರೆದುಕೊಂಡು ಹೋದ. ಅವನಿಗೆ 16 ವರ್ಷ, ನನಗೆ 11. ರಕ್ತ ಹೀರುವ ಉಂಬಳ ಹತ್ತದಂತೆ ಕಾಲಿಗೆ ಸುಣ್ಣ ಮತ್ತು ಹೊಗೆಸೊಪ್ಪು ತಿಕ್ಕಿಕೊಂಡು ಕಾನಿನ ದಾರಿ ಹಿಡಿದೆವು. ಅಡ್ಡ ಬಂದ ಪ್ರತಿ ಹಳ್ಳದಲ್ಲೂ ಅವನು ಬಗ್ಗಿ, ಅಂಗೈಯಲ್ಲಿ ನೀರು ಹಿಡಿದು, ಒಂದು ಗುಟುಕು ಕುಡಿದು, ನನಗೂ ಕುಡಿಸಿ, ಮನೆಯ ಹಳ್ಳದ ರುಚಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಕೇಳುತ್ತಿದ್ದ. ನನಗೆ ಯಾವ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ತಿಳಿಯಿತೆಂದು ಹೇಳುತ್ತಿದ್ದೆ, ಏಕೆಂದರೆ ಹಾಗೆ ಹೇಳಿದಾಗ ಅವನ ಮುಖ ಅರಳುತ್ತಿತ್ತು.

116 ಮೀಟರ್ ಎತ್ತರದಿಂದ ಹೊಳೆ ಧುಮುಕುವ ಆ ಜಾಗವನ್ನು 1845ರಲ್ಲಿ ಕಲೆಕ್ಟರ್ ಲಶಿಂಗ್ಟನ್ ಕಂಡರೆಂದು ಅದಕ್ಕೆ ಅವರ ಹೆಸರೂ ಅಂಟಿಕೊಂಡಿದೆ. ಅದಕ್ಕಿಂತ ಮೊದಲು ಅಲ್ಲಿ ದನ ಮೇಯಿಸಿದವರಿಗೆ ಕಣ್ಣಿರಲಿಲ್ಲವೇ ಎಂದು ಅಣ್ಣ ಕೇಳುತ್ತಿದ್ದ. ಊರವರ ಬಾಯಲ್ಲಿ ಅದು ಕೆಪ್ಪ ಜೋಗ. ಅದರ ಮುಂದೆ ನಿಂತವರಿಗೆ ಬೇರೇನೂ ಕೇಳಿಸದು. ನಾನು ಏನೋ ಕೂಗುತ್ತಿದ್ದಾಗ ಅವನು ನನ್ನ ಭುಜ ಹಿಡಿದು ಹೇಳಿದ ಮಾತು ನನಗೆ ಕೇಳಿಸಲಿಲ್ಲ, ತುಟಿ ನೋಡಿ ತಿಳಿದುಕೊಂಡೆ: "ಕೂಸೇ, ಮಾತಾಡಡ, ಕೇಳು."

ಅಂದು ಮರಳುವಾಗ ಅವನ ತಲೆಯಲ್ಲಿ ಒಂದು ಪ್ರಶ್ನೆ ಹೊಕ್ಕಿತು. ಈ ನೀರು ಸರಿಯಾಗಿ ಎಲ್ಲಿ ಉಪ್ಪಾಗುತ್ತದೆ? ಮುಂದೆ ತೋಟದ ಹೊಣೆ ಹೆಗಲಿಗೆ ಬಂದ ಮೇಲೂ, ಕೊನೆಕೊಯ್ಲು ಮುಗಿದಾಗೆಲ್ಲ ಚೀಲದಲ್ಲಿ ಅವಲಕ್ಕಿ ಕಟ್ಟಿಕೊಂಡು ಅವನು ಹೊಳೆಯನ್ನು ತುಂಡು ತುಂಡಾಗಿ ನಡೆದ. ಶಿರಸಿಯ ಶಂಕರ ಹೊಂಡದಿಂದ ಒಂದು ಸಲ, ಮಂಜುಗುಣಿಯ ಕಡೆಯ ಕವಲಿನಿಂದ ಇನ್ನೊಂದು ಸಲ. ಘಟ್ಟದ ಕೆಳಗಿನ ಭಾಗವೊಂದು ಉಳಿದಿತ್ತು.

2023ರ ಜನವರಿಯಲ್ಲಿ, ಕಾಯಿಲೆ ಗೊತ್ತಾದ ಮೂರೇ ತಿಂಗಳಿಗೆ, ಅವನು ತೀರಿಕೊಂಡ. ಕೊನೆಯ ವಾರಗಳಲ್ಲಿ ಎದ್ದು ಕೂರಲಾಗದಿದ್ದರೂ, ಮಂಗಟ್ಟೆ ಹಾರಿದರೆ ರೆಕ್ಕೆಯ ಸದ್ದಿನಿಂದಲೇ ಗುರುತಿಸಿ, ಎಷ್ಟಿವೆ, ಯಾವ ಮರದ ಕಡೆ ಹೋದವು ಎಂದು ನನ್ನನ್ನು ಅಂಗಳಕ್ಕೆ ಓಡಿಸುತ್ತಿದ್ದ.

ಅಸ್ಥಿಯನ್ನು ಗೋಕರ್ಣದ ಸಮುದ್ರದಲ್ಲಿ ಬಿಟ್ಟೆವು. ಉಳಿದವರು ಊಟಕ್ಕೆ ಕುಳಿತಾಗ ನಾನು ಹತ್ತಿರದ ತದಡಿಗೆ ಹೋದೆ. ಅಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ಇಳಿತದ ಹೊತ್ತು, ಹೆಂಗಸರು ಸೊಂಟದ ಮಟ್ಟದ ನೀರಿನಲ್ಲಿ ನಿಂತು ಬಳಚು ಎಂಬ ಕಪ್ಪೆಚಿಪ್ಪು ಹೆಕ್ಕುತ್ತಿದ್ದರು. ಅಣ್ಣನಂತೆಯೇ ಬಗ್ಗಿ ಅಂಗೈಯಲ್ಲಿ ನೀರು ತೆಗೆದು ನಾಲಿಗೆಗೆ ತಾಗಿಸಿದೆ. ಕಟು ಉಪ್ಪು. ಅವನ ಪ್ರಶ್ನೆಗೆ ಉತ್ತರ ಸಿಕ್ಕಿತೆಂದುಕೊಂಡೆ, ಆದರೆ ಸಮಾಧಾನವಾಗಲಿಲ್ಲ. ಉಪ್ಪು ಶುರುವಾಗುವ ಜಾಗ ಇನ್ನೂ ಮೇಲೆಲ್ಲೋ ಇರಬೇಕಿತ್ತು.

ಆ ವರ್ಷದ ಜುಲೈನಲ್ಲಿ, ಘಟ್ಟದ ಮೇಲೆ ಮಳೆ ಹಿಡಿದು ಬಾರಿಸುತ್ತಿದ್ದಾಗ ಮತ್ತೆ ಹೋದೆ. ಕೆಂಪಾಗಿ ಹರಿಯುತ್ತಿದ್ದ ನೀರನ್ನು ಅದೇ ಜಾಗದಲ್ಲಿ ನಾಲಿಗೆಗೆ ತಾಗಿಸಿದರೆ ಉಪ್ಪು ಹೆಸರಿಗಷ್ಟೇ ಇತ್ತು. ನಾನು ಬೆರಗಾದದ್ದನ್ನು ಕಂಡ ಅಲ್ಲಿನ ಹೆಂಗಸೊಬ್ಬರು, "ಈಗ ಹೊಳೆಯದ್ದೇ ಜೋರು, ಉಪ್ಪು ಒಳಗೆ ಬರೂದಿಲ್ಲ" ಎಂದರು. ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆಯುವುದು ಇದೇ ಆಟದ ಮೇಲೆ: ಮಳೆನೀರು ಮಣ್ಣಿನ ಉಪ್ಪನ್ನು ತೊಳೆದಾಗ ಬಿತ್ತನೆ, ನಡುವೆ ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ಪೈರು, ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಬ್ಬರದ ನೀರು ಮತ್ತು ಮೀನು. ಬೇಸಿಗೆಯಲ್ಲಿ ಹೊಳೆ ಸೊರಗಿದಂತೆ ಉಪ್ಪು ಮಿರ್ಜಾನಿನ ಕಡೆಗೆ, ಉಪ್ಪಿನಪಟ್ಟಣದ ಕಡೆಗೆ ಏರುತ್ತದೆ. ಶರಾವತಿಗೂ ಕಾಳಿಗೂ ದೊಡ್ಡ ಅಣೆಕಟ್ಟುಗಳು ಬಂದವು. ಅಘನಾಶಿನಿಗೆ ಬರಲಿಲ್ಲ, ಆದ್ದರಿಂದ ಈ ಹೋಗಿ ಬರುವಿಕೆ ಇನ್ನೂ ಮಳೆಯ ಲೆಕ್ಕದಲ್ಲೇ ನಡೆಯುತ್ತಿದೆ. 2024ರ ಜನವರಿಯಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಸುದ್ದಿ ಓದಿದಾಗ, ಆ ಪಟ್ಟಿಯಿಂದ ಬಳಚು ಹೆಕ್ಕುವವರಿಗೆ ಏನಾದರೂ ಒಳಿತಾಗುತ್ತದೆಯೇ ಎಂದು ಅಣ್ಣ ಮೊದಲು ಕೇಳುತ್ತಿದ್ದ ಎನ್ನಿಸಿತು.

ಆ ಜುಲೈನಲ್ಲಿ ತದಡಿಯಿಂದ ಮನೆಗೆ ಮರಳಿದ ಸಂಜೆ ಆಯಿ, ನಮ್ಮ ಅಮ್ಮ, ಒಲೆಯ ಮುಂದೆ ಕುಳಿತು ನನ್ನ ಒದ್ದೆ ಸೀರೆಯನ್ನು ಕಾಯಿಸುತ್ತಿದ್ದಳು. ಹೊಳೆ ಉಪ್ಪಾಗುವ ಜಾಗ ಒಂದೇ ಕಡೆ ನಿಲ್ಲುವುದಿಲ್ಲ, ಮಳೆಗಾಲಕ್ಕೊಂದು, ಬೇಸಿಗೆಗೊಂದು, ದಿನಕ್ಕೆರಡು ಸಲ ಉಬ್ಬರ ಇಳಿತದ ಜೊತೆಗೂ ಅದು ಸರಿಯುತ್ತದೆ ಎಂದು ಅವಳಿಗೆ ವಿವರಿಸಿದೆ. ಆಯಿ ಬಹಳ ಹೊತ್ತು ಸೀರೆಯ ಸೆರಗನ್ನು ಮಗುಚುತ್ತಲೇ ಇದ್ದಳು.

"ಹಂಗಾದ್ರೆ ಅಂವಂಗೆ ಒಂದ್ ಸಲ ಹೋದ್ರೆ ಸಾಕಾಗ್ತಿತ್ತಿಲ್ಲೆ" ಎಂದಳು.